ಲೀಫ್ ಸ್ಪ್ರಿಂಗ್ ಚಾಕು ಬಿರುಕು ಬಿಡುವುದು ನಿಂತಿದ್ದು ಹೀಗೆ

ಲಾರಿಯ ಹಳೇ ಲೀಫ್ ಸ್ಪ್ರಿಂಗ್‌ನಿಂದ (ಲಾರಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ) ಮಾಡಿದ ಚಾಕುಗಳು, ಗಟ್ಟಿಯಾಗಲೆಂದು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಕೂಡಲೇ ಟಿಕ್ ಎಂದು ಬಿರುಕು ಬಿಡುತ್ತಿದ್ದವು. ನಾಲ್ಕು ಹೋದವು. ಉಪ್ಪುನೀರಿಗೆ ಇನ್ನೂ ಜಾಸ್ತಿ ಒಡೆಯಿತು. ಕಾವು ಕಡಿಮೆ ಮಾಡಿದರೆ ಅಂಚು ಗಟ್ಟಿಯಾಗಲೇ ಇಲ್ಲ.

ಈ ಉಕ್ಕಿಗೆ ಬೇಕಿದ್ದದ್ದು ಎಣ್ಣೆ. ಬಡಿದು ಮುಗಿಸಿದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ, ಪ್ರತಿ ಸಲವೂ ಗಾಳಿಯಲ್ಲೇ ಆರಲು ಬಿಟ್ಟೆ. ಇದನ್ನು ಮಾತ್ರ ಬಿಡಬೇಡಿ, ಬಡಿತದ ಬಿಗಿತ ಇಳಿಯುವುದು ಇಲ್ಲೇ. ಆಮೇಲೆ ಅಯಸ್ಕಾಂತ ಅಂಟದಷ್ಟು ಕಾಯಿಸಬೇಕು, ಅಂದರೆ ಸುಮಾರು 770 ಡಿಗ್ರಿ. ಅದಕ್ಕಿಂತ ಸ್ವಲ್ಪ ಹೆಚ್ಚು ಕೆಂಪಾದಾಗ, 55 ಡಿಗ್ರಿಗೆ ಬೆಚ್ಚಗಾಗಿಸಿದ ಅಡುಗೆ ಎಣ್ಣೆಗೆ ತುದಿ ಕೆಳಗಾಗಿ ನೇರ ಇಳಿಸಿದೆ. ಪಕ್ಕಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ. ಡಬ್ಬದ ಮುಚ್ಚಳ ಕೈಗೆ ಸಿಗುವಂತಿರಲಿ, ಎಣ್ಣೆ ಹೊತ್ತಿಕೊಳ್ಳಬಹುದು. ಅಂಚಿನ ಮೇಲೆ ಅರ ಕಚ್ಚದೆ ಜಾರಿತು, ಅಂದರೆ ಅಂಚು ಗಟ್ಟಿಯಾಗಿತ್ತು. ಪೆಡಸುತನ ಇಳಿಯಲೆಂದು ತಡಮಾಡದೆ ಓವನ್‌ನಲ್ಲಿ 200 ಡಿಗ್ರಿ, ಎರಡು ಗಂಟೆ. ಆರಿದ ಮೇಲೆ ಇನ್ನೊಮ್ಮೆ ಅಷ್ಟೇ.