ಏದುಸಿರನ್ನು ಅಳೆಯುವುದು ಹೇಗೆ: ಫೈಬ್ರೋಸಿಸ್ ರೋಗಿಗಳ ಮನೆಯವರಿಗೆ

ಶ್ವಾಸಕೋಶದ ರೋಗಿಗಳ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೊಥೆರಪಿಸ್ಟ್ ನಾನು. ಓಡಾಟವೆಲ್ಲ ದಕ್ಷಿಣ ಬೆಂಗಳೂರಿನಲ್ಲಿ. ನಾನು ನೋಡುವವರಲ್ಲಿ ಹೆಚ್ಚಿನವರಿಗೆ ಫೈಬ್ರೋಸಿಸ್, ಅಂದರೆ ಶ್ವಾಸಕೋಶದ ಮೆತ್ತನೆಯ ಅಂಗಾಂಶ ಕಲೆಗಟ್ಟಿ ಬಿರುಸಾಗುವ ಕಾಯಿಲೆ. ಮನೆಯವರಿಗೆ ನಾನು ಮೊದಲು ಹೇಳುವುದಿಷ್ಟು: "ಏದುಸಿರು ಇದೆಯೇ?" ಎಂದು ಕೇಳಬೇಡಿ, "ಯಾವ ಕೆಲಸ ಬಿಟ್ಟಿರಿ?" ಎಂದು ಕೇಳಿ.

ಉಸಿರು ಸಾಲದಂತಾದಾಗ ರೋಗಿ ಓಡಾಟವನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ. ಹಾಗಾಗಿ ಆರು ತಿಂಗಳ ಹಿಂದೆಯೂ ಈಗಲೂ ಉತ್ತರ ಒಂದೇ. ತ್ಯಾಗರಾಜನಗರದ ನಿವೃತ್ತ ಮೇಷ್ಟ್ರೊಬ್ಬರು "ಏನೂ ತೊಂದರೆಯಿಲ್ಲಮ್ಮ, ಆರಾಮಾಗಿದ್ದೇನೆ" ಎಂದರು. ಅಡುಗೆಮನೆಯಿಂದ ಅವರ ಹೆಂಡತಿ ಹೇಳಿದ್ದು ಬೇರೆ: "ತಾರಸಿಯ ಗಿಡಗಳಿಗೆ ನೀರು ಹಾಕುವುದನ್ನು ದಸರಾ ಹೊತ್ತಿಗೇ ಬಿಟ್ಟರು. ಈಗ ಸ್ನಾನ ಮಾಡಿ ಬಂದರೆ ಪಂಚೆ ಉಡುವಾಗಲೂ ಮಂಚದ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ." ವೈದ್ಯರಿಗೆ ಬೇಕಾಗಿರುವುದು ಆ ತಾಯಿಯ ಮಾತು.

ಅದನ್ನು ಅಂಕಿಯಾಗಿಸುವ ಮೊದಲ ಅಳತೆಗೋಲು ಎಂಎಂಆರ್‌ಸಿ, ಅಂದರೆ ಏದುಸಿರಿಗೆ 0ರಿಂದ 4ರವರೆಗೆ ಅಂಕಿ ಕೊಡುವ ಪಟ್ಟಿ. ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಧೂಳು ತುಂಬಿದ ಶ್ವಾಸಕೋಶಗಳನ್ನು ಅಧ್ಯಯನ ಮಾಡಿದ್ದ ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಫ್ಲೆಚರ್ 1952ರಲ್ಲಿ ಪ್ರಕಟಿಸಿದ ಪ್ರಶ್ನೆಗಳು ಇದರ ಮೂಲ. ನಾನು ಅವನ್ನು ನಮ್ಮ ಊರಿಗೆ ಒಗ್ಗಿಸಿ ಕೇಳುತ್ತೇನೆ. ಭಾರಿ ಶ್ರಮದ ಕೆಲಸಕ್ಕೆ ಮಾತ್ರ ಏದುಸಿರು ಬಂದರೆ 0. ಬಸ್ ಹಿಡಿಯಲು ಬೇಗ ನಡೆದಾಗಲೋ ಲಾಲ್‌ಬಾಗ್ ಬಂಡೆ ಏರುವಾಗಲೋ ಬಂದರೆ 1. ಸಮತಟ್ಟಾದ ರಸ್ತೆಯಲ್ಲೇ ಓರಗೆಯವರಿಗಿಂತ ಹಿಂದೆ ಬಿದ್ದರೆ, ಇಲ್ಲವೇ ತಮ್ಮ ಪಾಡಿಗೆ ನಡೆಯುವಾಗಲೂ ನಿಲ್ಲಬೇಕಾದರೆ 2. ಸುಮಾರು ನೂರು ಮೀಟರಿಗೆ, ಅಂದರೆ ಬೀದಿಯ ಕೊನೆಯ ನಂದಿನಿ ಬೂತ್ ಮುಟ್ಟುವುದರೊಳಗೆ ನಿಲ್ಲಬೇಕಾದರೆ 3. ಮನೆಯಿಂದ ಹೊರಡಲಾಗದಿದ್ದರೆ, ಬಟ್ಟೆ ತೊಡುವಾಗಲೇ ಉಸಿರು ಸಾಲದಿದ್ದರೆ 4. ಮೇಷ್ಟ್ರದು 4.

ಇದು ಒರಟು ಅಳತೆ. 2ರಿಂದ 3ಕ್ಕೆ ಹೋಗುವ ನಡುವೆ ಎಷ್ಟೋ ತಿಂಗಳ ಕುಸಿತ ಅಡಗಿರಬಹುದು. ವಾರವಾರದ ಲೆಕ್ಕಕ್ಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಪಟ್ಟಿ ವಾಸಿ: 0 ಎಂದರೆ ಏದುಸಿರಿಲ್ಲ, 3 ಮಧ್ಯಮ, 5 ತೀವ್ರ, 10 ತಡೆಯಲಾಗದಷ್ಟು. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ರಟ್ಟಿಗೆ ಅಂಟಿಸಿ. ಏದುಸಿರಿನಲ್ಲಿರುವವರನ್ನು ಮಾತನಾಡಿಸಬೇಡಿ, ಬೆರಳಿಟ್ಟು ತೋರಿಸಲಿ. "ಐದಿರಬಹುದಲ್ಲವೇ?" ಎಂದು ನೀವು ಬಾಯಿಗೆ ಹಾಕಿದರೆ ಆ ಅಂಕಿ ಅವರದಲ್ಲ, ನಿಮ್ಮದು.

ಕೆಲಸ ಮಾತ್ರ ಪ್ರತಿ ಸಲವೂ ಅದೇ ಇರಬೇಕು, ಹೊತ್ತೂ ಅದೇ. ನಾನು ಬಹಳ ಮನೆಗಳಲ್ಲಿ ಸ್ನಾನವನ್ನೇ ಆರಿಸುತ್ತೇನೆ. ಚೊಂಬು ಎತ್ತಿ ತಲೆಗೆ ಸುರಿದುಕೊಳ್ಳುವುದು, ಬಗ್ಗಿ ಕಾಲು ಉಜ್ಜುವುದು, ಒದ್ದೆ ಟವೆಲ್ ಹಿಂಡುವುದು, ಇಷ್ಟೂ ಉಸಿರನ್ನು ತಿನ್ನುವ ಕೆಲಸಗಳು, ಮತ್ತು ಸ್ನಾನವನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ. ಮುಗಿದ ಕೂಡಲೇ ಬೋರ್ಗ್ ಅಂಕಿ ಬರೆಯಿರಿ. ಉಸಿರು ಮೊದಲಿನಂತಾಗಲು ಎಷ್ಟು ನಿಮಿಷ ಬೇಕಾಯಿತು ಎಂಬುದನ್ನೂ ಬರೆಯಿರಿ. "ಸುಸ್ತು" ಎಂದರೆ ಬಿಡಬೇಡಿ; ಮೊದಲು ಸೋತದ್ದು ಕಾಲೋ ಉಸಿರೋ ಎಂದು ಕೇಳಿ.

ಇನ್ನು ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಯಂತ್ರ. ಕೂತಾಗ 96 ತೋರಿಸಿತೆಂದು ನೆಮ್ಮದಿ ಪಡುವವರೇ ಹೆಚ್ಚು. ಫೈಬ್ರೋಸಿಸ್‌ನಲ್ಲಿ ಕೂತಾಗಿನ ಅಂಕಿ ಚೆನ್ನಾಗಿದ್ದು ನಡೆದಾಗ ಕುಸಿಯುವುದು ಸಾಮಾನ್ಯ. ಉಗುರಿನ ಬಣ್ಣ ಒರೆಸಿ, ಡಿಸೆಂಬರಿನ ಬೆಳಿಗ್ಗೆಯಾದರೆ ಬೆರಳನ್ನು ಉಜ್ಜಿ ಬಿಸಿ ಮಾಡಿ. ಈ ಕಾಯಿಲೆಯಲ್ಲಿ ಎಷ್ಟೋ ಜನರ ಬೆರಳ ತುದಿ ಉಬ್ಬಿ ಉಗುರು ಬಾಗಿರುತ್ತದೆ. ಕ್ಲಿಪ್ ಸರಿಯಾಗಿ ಕೂರದಿದ್ದರೆ ಬೇರೆ ಬೆರಳು ನೋಡಿ. ಅಂಕಿ ಕುಣಿಯುವುದು ನಿಂತ ಮೇಲೆ ಓದಿ. ನಡಿಗೆ ನಿಲ್ಲಿಸಿದ ತಕ್ಷಣ ಕಳಚಬೇಡಿ: ಬೆರಳಿನಲ್ಲಿ ಕಾಣುವ ಅಂಕಿ ಸ್ವಲ್ಪ ತಡವಾಗಿ ಇಳಿಯುತ್ತದೆ, ಆದ್ದರಿಂದ ಅರ್ಧ ನಿಮಿಷ ಕಾದು ಅತಿ ಕಡಿಮೆ ಬಂದುದನ್ನು ಬರೆಯಿರಿ. ಕಪ್ಪು ಮೈಬಣ್ಣದವರಲ್ಲಿ ಯಂತ್ರ ಇರುವುದಕ್ಕಿಂತ ತುಸು ಹೆಚ್ಚು ತೋರಿಸಬಹುದು ಎಂಬುದೂ ನೆನಪಿರಲಿ. ಆಕ್ಸಿಮೀಟರ್ ಏದುಸಿರನ್ನು ಅಳೆಯುವುದಿಲ್ಲ. 85ರಲ್ಲೂ ಹಾಯಾಗಿ ಮಾತನಾಡುವವರಿದ್ದಾರೆ, 95ರಲ್ಲಿ ತೇಕುವವರೂ ಇದ್ದಾರೆ. ಎರಡನ್ನೂ ಅಕ್ಕಪಕ್ಕ ಬರೆಯಿರಿ.

ಆರು ನಿಮಿಷದ ನಡಿಗೆ ಪರೀಕ್ಷೆಯನ್ನು ಆಸ್ಪತ್ರೆಗೇ ಬಿಡಿ. ಅದಕ್ಕೆ 30 ಮೀಟರಿನ ಸಮತಟ್ಟಾದ ಹಾದಿ ಬೇಕು, ಆಮ್ಲಜನಕ ಕುಸಿದರೆ ನೋಡಿಕೊಳ್ಳುವವರು ಬೇಕು. ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಮಗ "ಇನ್ನೂ ಒಂದು ಸುತ್ತು ಅಪ್ಪ" ಎಂದು ಹುರಿದುಂಬಿಸಿ ನಡೆಸುವುದು ಪರೀಕ್ಷೆಯಲ್ಲ, ಅಪಾಯ. ಆಸ್ಪತ್ರೆಯಲ್ಲಿ 24 ಪ್ರಶ್ನೆಗಳ ಇನ್ನೊಂದು ಪಟ್ಟಿಯನ್ನೂ ಕೊಡಬಹುದು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ರೂಪಿಸಿದ್ದು, ಒಟ್ಟು ಅಂಕ 120. ಅದರಲ್ಲಿ ಹುಲ್ಲುಹಾಸು ಕತ್ತರಿಸುವ ಪ್ರಶ್ನೆಯೂ ಇದೆ. ನಮ್ಮವರು ಮಾಡದ ಕೆಲಸ ಬಂದಾಗ ಗಾಬರಿಯಾಗದೆ, ಮಾಡಿದ್ದರೆ ಎಷ್ಟಾಗುತ್ತಿತ್ತು ಎಂದು ಅಂದಾಜಿಸಿ ಉತ್ತರಿಸಬೇಕು.

ಈ ಅಂಕಿಗಳನ್ನು ಬರೆಯುವ ಡೈರಿಯ ಅಂಚಿನಲ್ಲಿ ಏರ್ ಕೂಲರ್ ಬಳಸಿದ ದಿನಗಳು, ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಗುಡಿಸಿದ ದಿನಗಳು ಇರಲಿ. 2017ರಲ್ಲಿ ಪ್ರಕಟವಾದ ಭಾರತದ ನೋಂದಣಿ ಅಧ್ಯಯನದಲ್ಲಿ ಫೈಬ್ರೋಸಿಸ್‌ನಂಥ ಶ್ವಾಸಕೋಶದ ಅಂಗಾಂಶದ ಕಾಯಿಲೆಗಳಿದ್ದ 1,084 ರೋಗಿಗಳ ಪೈಕಿ ಶೇ 47ರಷ್ಟು ಮಂದಿಗೆ ಇದ್ದದ್ದು ಇಂಥ ಧೂಳು, ಬೂಷ್ಟು, ಹಕ್ಕಿಗಳ ಒಡನಾಟದಿಂದ ಬರುವ ಅಲರ್ಜಿ ಬಗೆಯ ಕಾಯಿಲೆ. ಮನೆಯಲ್ಲಿ ಆಮ್ಲಜನಕ ಹಾಕಿಕೊಳ್ಳುವವರಾದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಪ್ರತಿ ಅಂಕಿಯ ಜೊತೆಗೂ ಬರೆಯಿರಿ. ಎರಡು ಲೀಟರಿನಲ್ಲಿ ಬಂದ 92 ಬೇರೆ, ನಾಲ್ಕರಲ್ಲಿ ಬಂದ 92 ಬೇರೆ.

ನಡೆದಾಗ ಆಮ್ಲಜನಕ 88ಕ್ಕಿಂತ ಕೆಳಗೆ ಇಳಿಯತೊಡಗಿದ್ದರೆ ವೈದ್ಯರಿಗೆ ಆ ವಾರವೇ ತಿಳಿಸಿ. ಬೋರ್ಗ್ ಅಂಕಿ ಕೆಲವೇ ದಿನಗಳಲ್ಲಿ ಏರಿದರೆ, ಕೂತಲ್ಲೇ ಏದುಸಿರು ಬಂದರೆ, ತುಟಿ ನೀಲಿಯಾದರೆ, ಎದೆನೋವೋ ತಲೆಸುತ್ತೋ ಜೊತೆಗಿದ್ದರೆ ಅಳೆಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಡೈರಿ, ಹಳೆಯ ಸಿಟಿ ಸ್ಕ್ಯಾನ್, ಔಷಧಿ ಚೀಟಿಗಳು ಒಂದೇ ಚೀಲದಲ್ಲಿ ಬಾಗಿಲ ಬಳಿ ಸಿದ್ಧವಿರಲಿ.