ಸೋಫಾಗಿಂತ ಮೊದಲು ಶೂ: ದಣಿದು ಬಂದ ಸಂಜೆಯೂ ವ್ಯಾಯಾಮ ತಪ್ಪದಿರಲು ಏನು ಮಾಡಬೇಕು?

ಸಂಜೆಯ ವ್ಯಾಯಾಮದ ತಂಡವೊಂದನ್ನು ನಡೆಸುತ್ತಾ ನನಗೆ ಎಂಟು ವರ್ಷವಾಯಿತು. ಅರ್ಧಕ್ಕೆ ಬಿಟ್ಟುಹೋದವರನ್ನು ತುಂಬಾ ನೋಡಿದ್ದೇನೆ. ಬಸ್ಕಿ ಹೊಡೆಯಲಾಗದೆ ಬಿಟ್ಟವರು, ಓಡಲಾಗದೆ ಬಿಟ್ಟವರು ಅವರಲ್ಲಿ ಇಲ್ಲವೆಂದೇ ಹೇಳಬೇಕು. ಬಂದಷ್ಟು ದಿನ ಎಲ್ಲರೂ ಚೆನ್ನಾಗಿಯೇ ಮಾಡಿದ್ದರು. ಆಮೇಲೆ ಒಂದು ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ: "ಮನೆಗೆ ಬಂದು ಐದು ನಿಮಿಷ ಕೂತೆ, ಮತ್ತೆ ಏಳೋಕೆ ಆಗಲಿಲ್ಲ."

ಕೆಲಸ ಮುಗಿಯುವುದಕ್ಕೂ ವ್ಯಾಯಾಮ ಶುರುವಾಗುವುದಕ್ಕೂ ನಡುವಿನ ಆ ಸ್ವಲ್ಪ ಹೊತ್ತು ಇದೆಯಲ್ಲ, ಎಲ್ಲ ಕೆಡುವುದು ಅಲ್ಲೇ. ಅದಕ್ಕೇ ಈ ಲೇಖನದ ದೊಡ್ಡ ಪಾಲು ಆ ಹೊತ್ತಿಗೆ ಮೀಸಲು. ಉಳಿದದ್ದು ಅಷ್ಟು ಕಷ್ಟವಿಲ್ಲ.

ಹೆಜ್ಜೆ 1: ಯಾವ ಸುಸ್ತು ಎಂದು ಮೊದಲು ನೋಡಿಕೊಳ್ಳಿ

ಸುಸ್ತಿನಲ್ಲಿ ಎರಡು ಬಗೆ. ಹಗಲೆಲ್ಲಾ ಕುರ್ಚಿಯಲ್ಲಿ ಕೂತು ತಲೆ ಬಳಸಿದವರ ಸುಸ್ತು ಒಂದು. ನಿಂತು, ನಡೆದು, ಭಾರ ಎತ್ತಿ ದುಡಿದವರ ಸುಸ್ತು ಇನ್ನೊಂದು.

ಮೊದಲನೆಯದರ ಬಗ್ಗೆ ಒಂದು ಒಳ್ಳೆಯ ಪ್ರಯೋಗವಿದೆ. ಸ್ಯಾಮುಯೆಲ್ ಮಾರ್ಕೋರಾ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. 16 ಜನರಿಗೆ ಒಂದು ದಿನ 90 ನಿಮಿಷ ತಲೆಗೆ ಕೆಲಸ ಕೊಟ್ಟರು. ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಸಾಕಾಗುವವರೆಗೆ ಸೈಕಲ್ ತುಳಿಸಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ನಿಲ್ಲಿಸಿದರು. ಆದರೆ ಹೃದಯ, ಉಸಿರು, ಸ್ನಾಯು ಎರಡೂ ದಿನ ಒಂದೇ ರೀತಿ ಕೆಲಸ ಮಾಡುತ್ತಿದ್ದವು. ಅದೇ ಶ್ರಮ ಜಾಸ್ತಿ ಅನ್ನಿಸಿತ್ತು, ಅಷ್ಟೇ.

ಅಂದರೆ ಕೂತು ಕೆಲಸ ಮಾಡಿದ ದಿನ ಕಾಲಿನಲ್ಲಿ ಶಕ್ತಿ ಇದ್ದೇ ಇರುತ್ತದೆ. ಅಂಥ ದಿನ ವ್ಯಾಯಾಮ ಬಿಡಬೇಡಿ, ವೇಗ ಇಳಿಸಿ. ಮೈ ಮುರಿದು ದುಡಿದವರು ಮಾತ್ರ ಸಂಜೆ ಕಾಲಿನ ವ್ಯಾಯಾಮ ಬಿಟ್ಟು ತೋಳು, ಬೆನ್ನು, ಸ್ಟ್ರೆಚಿಂಗ್ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಆಗದವರು, ಜ್ವರ ಇರುವವರು ಮಲಗಿ. ಅದು ಸೋಲೇನಲ್ಲ.

ಹೆಜ್ಜೆ 2: ಹೊತ್ತು ಮತ್ತು ಜಾಗ ಬರೆದಿಡಿ

"ಈ ವಾರ ಜಾಸ್ತಿ ವ್ಯಾಯಾಮ ಮಾಡ್ತೀನಿ" ಅಂದರೆ ಏನೂ ಹೇಳಿದಂತಾಗಲಿಲ್ಲ. "ಸೋಮವಾರ, ಬುಧವಾರ, ಶುಕ್ರವಾರ ಕೆಲಸ ಮುಗಿದ ಕೂಡಲೇ ಪಾರ್ಕಿಗೆ ಹೋಗಿ 25 ನಿಮಿಷ ಬಿರುಸಾಗಿ ನಡೆಯುತ್ತೇನೆ" ಎಂದು ಬರೆಯಿರಿ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ವ್ಯಾಯಾಮದ ಲಾಭವನ್ನು ಓದಿದ್ದಷ್ಟೇ ಅಲ್ಲದೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದೂ ಬರೆದಿಟ್ಟವರಲ್ಲಿ 91% ಜನ ಮುಂದಿನ ವಾರ ಒಮ್ಮೆಯಾದರೂ ವ್ಯಾಯಾಮ ಮಾಡಿದರು. ಲಾಭವನ್ನು ಓದಿ ಸುಮ್ಮನಾದವರಲ್ಲಿ ಮಾಡಿದವರು 35% ಮಾತ್ರ.

ಇಲ್ಲೊಂದು ಮಾತು. ಹುಮ್ಮಸ್ಸು ಬರಿಸುವ ವಿಡಿಯೊಗಳನ್ನು ಸಂಜೆ ನೋಡಲೇಬೇಡಿ. ಒಂದು ಮುಗಿದರೆ ಇನ್ನೊಂದು ಬರುತ್ತದೆ. ನಲವತ್ತು ನಿಮಿಷ ಹೋಗುತ್ತದೆ, ನೀವಿನ್ನೂ ಕೂತಲ್ಲೇ ಇರುತ್ತೀರಿ.

ಹೆಜ್ಜೆ 3: ಬಟ್ಟೆ, ಶೂ, ನೀರಿನ ಬಾಟಲಿ ಹಿಂದಿನ ರಾತ್ರಿಯೇ ತೆಗೆದಿಡಿ

ಇದಕ್ಕೆ ಜಾಸ್ತಿ ವಿವರಣೆ ಬೇಡ.

ಹೆಜ್ಜೆ 4: ಕೆಲಸದಿಂದ ಎದ್ದು ಶೂ ಕಟ್ಟುವವರೆಗೆ

ಈಗ ನಿಧಾನವಾಗಿ ಓದಿ.

ಮೊದಲನೆಯ ಕೆಲಸ ಮನೆಗೆ ಹೊರಡುವ ಮುಂಚೆಯೇ ಇದೆ. ಏಳುವ ಮೊದಲು ನಾಳೆಯ ಕೆಲಸವನ್ನು ಮೂರು ಸಾಲಿನಲ್ಲಿ ಬರೆದಿಡಿ. ಅರ್ಧಕ್ಕೆ ನಿಂತ ಕೆಲಸ ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತುತ್ತಿರುತ್ತದೆ. ಮನೆ ಮುಟ್ಟುವ ಹೊತ್ತಿಗೆ ಆ ಚಿಂತೆಯೇ ಸುಸ್ತಿನಂತೆ ಕಾಣುತ್ತದೆ. ಬರೆದಿಟ್ಟರೆ ಅದು ಕಾಗದದ ಮೇಲೆ ಉಳಿಯುತ್ತದೆ.

ಎರಡನೆಯದು ದಾರಿ. ಸಾಧ್ಯವಾದರೆ ಮನೆಗೆ ಹೋಗಲೇಬೇಡಿ. ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸಿ, ನೇರ ಜಿಮ್ಮಿಗೋ ಮೈದಾನಕ್ಕೋ ಹೋಗಿ. ಅದಾಗದಿದ್ದರೆ ಎರಡು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ನಮ್ಮ ತಂಡದಲ್ಲಿ ವರ್ಷಗಟ್ಟಲೆ ಉಳಿದವರಲ್ಲಿ ಹೆಚ್ಚಿನವರು ಬ್ಯಾಗ್ ಹೆಗಲಲ್ಲಿಟ್ಟುಕೊಂಡೇ ಬರುವವರು. ಇದು ನಾನು ಕಣ್ಣಾರೆ ಕಂಡದ್ದು.

ಮನೆಗೆ ಹೋಗಲೇಬೇಕಾದವರು ಬಾಗಿಲ ಹೊರಗೆ ಒಂದು ನಿಮಿಷ ನಿಲ್ಲಿ. ಮೊಬೈಲಿನಲ್ಲಿ ನೋಡುವುದೇನಿದ್ದರೂ ಅಲ್ಲೇ ನಿಂತು ನೋಡಿ ಮುಗಿಸಿ. ಒಳಗೆ ಹೋದ ಕೂಡಲೇ ಅದನ್ನು ಚಾರ್ಜಿಗೆ ಹಾಕಿ. ಚಾರ್ಜರ್ ಸೋಫಾದ ಹತ್ತಿರ ಇರಬಾರದು. ಈ ಒಂದನ್ನು ನಾನು ಎಲ್ಲರಿಗೂ ಖಡಾಖಂಡಿತವಾಗಿ ಹೇಳುತ್ತೇನೆ. ಕೂತ ಜಾಗದಿಂದ ಕೈಗೆ ಸಿಗುವ ಚಾರ್ಜರ್ ಇರುವವರೆಗೆ ಬೇರೆ ಯಾವ ಉಪಾಯವೂ ನಡೆಯುವುದಿಲ್ಲ.

ಬ್ಯಾಗ್ ಕೆಳಗಿಡಿ. ಕೂರಬೇಡಿ. ನೇರ ಬಟ್ಟೆ ಇಟ್ಟ ಕಡೆ ಹೋಗಿ, ನಿಂತೇ ಬದಲಿಸಿ. ಹೆಚ್ಚಿನವರು ತಪ್ಪುವುದು ಇಲ್ಲಿ. ಕೆಲಸದ ಬಟ್ಟೆ ತೆಗೆದು ಮನೆಯ ಸಡಿಲ ಬಟ್ಟೆ ಹಾಕಿಕೊಂಡುಬಿಡುತ್ತಾರೆ. ಮನೆಯ ಬಟ್ಟೆ ಮೈಗೆ ಬಿತ್ತೆಂದರೆ ದಿನ ಮುಗಿಯಿತು ಎಂದು ಮೈ ತೀರ್ಮಾನಿಸುತ್ತದೆ. ಆಮೇಲೆ ಮತ್ತೊಮ್ಮೆ ಬಟ್ಟೆ ಬದಲಿಸಲು ಮನಸ್ಸು ಬರುವುದಿಲ್ಲ. ಕೆಲಸದ ಬಟ್ಟೆಯಿಂದ ನೇರ ವ್ಯಾಯಾಮದ ಬಟ್ಟೆಗೆ ಹೋಗಬೇಕು, ಮಧ್ಯೆ ಮೂರನೆಯದು ಬೇಡ.

ನೀರು ಕುಡಿಯಿರಿ. ಹಸಿವಿದ್ದರೆ ನಿಂತೇ ಒಂದು ಹಣ್ಣು ತಿನ್ನಿ. ಹೊಟ್ಟೆ ತುಂಬಾ ತಿಂದರೆ ಮುಂದೆ ಬಗ್ಗಲಾಗದು, ಏದುಸಿರು ಬರುತ್ತದೆ.

ಶೂ ಎಲ್ಲಿರಬೇಕು? ಕಪಾಟಿನ ಒಳಗೆ ಬೇಡ. ಒಳಗೆ ಬಂದ ಕೂಡಲೇ ಕಾಲಿಗೆ ತಾಗುವಂತೆ, ಬಾಗಿಲ ಪಕ್ಕದಲ್ಲಿರಲಿ. ಹಿಂದಿನ ದಿನವೇ ಲೇಸ್ ಸಡಿಲಿಸಿ, ಕಾಲುಚೀಲವನ್ನು ಒಳಗೆ ಸಿಕ್ಕಿಸಿಡಿ. ಸಣ್ಣ ವಿಷಯ ಅನ್ನಿಸಬಹುದು. ಆದರೆ ದಣಿದ ಮನಸ್ಸು ನೆಪಕ್ಕಾಗಿ ಕಾಯುತ್ತಿರುತ್ತದೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಸಿಗುತ್ತದಂತೆ. ಹಾಗೆಯೇ ಒಂದು ಕಾಲುಚೀಲ ಕಾಣದಿದ್ದರೂ ಸಾಕು, ಆ ಸಂಜೆ ಹೋಯಿತು.

ಇಷ್ಟು ಮಾಡುವಾಗ "ಇವತ್ತು ಹೋಗಲಾ, ಬೇಡವಾ" ಎಂದು ನಿಮ್ಮನ್ನೇ ಕೇಳಿಕೊಳ್ಳಬೇಡಿ. ಕೇಳಿದರೆ "ಬೇಡ" ಅನ್ನುವ ಉತ್ತರವೇ ಬರುವುದು. ಆ ಪ್ರಶ್ನೆಯನ್ನು ಶೂ ಕಟ್ಟಿ, ಬಾಗಿಲು ದಾಟಿ, ರಸ್ತೆಗೆ ಬಂದ ಮೇಲೆ ಕೇಳಿಕೊಳ್ಳಿ. ಅಲ್ಲಿಂದ ವಾಪಸು ಹೋದವರು ತೀರಾ ಕಡಿಮೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ? ಮಗು ಓಡಿ ಬಂದಾಗ ನಿಂತೇ ಎತ್ತಿಕೊಳ್ಳಿ, ಮುದ್ದು ಮಾಡಿ. ವ್ಯಾಯಾಮದ ದಿನ ಯಾವುದು ಎಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ನಿಮಗೆ ಮೂರು ಸಂಜೆ ಸಿಕ್ಕರೆ ಅವರಿಗೂ ಮೂರು ಸಂಜೆ ಸಿಗಬೇಕು. ಇದಿಲ್ಲದೆ ಕದ್ದು ಹೊರಟ ಹಾಗೆ ಹೊರಟರೆ ಮನಸ್ಸಿನಲ್ಲಿ ಅಳುಕು ಉಳಿಯುತ್ತದೆ, ವ್ಯಾಯಾಮ ಜಾಸ್ತಿ ದಿನ ಬಾಳುವುದಿಲ್ಲ.

ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಇನ್ನೂ ಕಷ್ಟ. ಅವರಿಗೆ ಕೆಲಸ ಮುಗಿಯುವ ಗೆರೆಯೇ ಇಲ್ಲ. ಅವರಿಗೆ ನನ್ನ ಸಲಹೆ: ಲ್ಯಾಪ್‌ಟಾಪ್ ಮುಚ್ಚಿ, ಬ್ಯಾಗಿಗೆ ಹಾಕಿ, ಕಣ್ಣಿಗೆ ಕಾಣದ ಕಡೆ ಇಡಿ. ಶೂ ಹಾಕಿ ಮನೆಯಿಂದ ಹೊರಗೆ ಹೋಗಿ. ವ್ಯಾಯಾಮ ಮನೆಯೊಳಗೇ ಇದ್ದರೂ ಸರಿ, ಒಮ್ಮೆ ರಸ್ತೆಯ ತುದಿಗೆ ಹೋಗಿ ಬನ್ನಿ. ಆ ನಡಿಗೆಯೇ ಕೆಲಸಕ್ಕೂ ಸಂಜೆಗೂ ನಡುವಿನ ಗೆರೆ.

ಇಷ್ಟೆಲ್ಲ ಓದಿಯೂ ಒಂದು ದಿನ ಕೂತುಬಿಟ್ಟಿರಿ ಅಂತಿಟ್ಟುಕೊಳ್ಳಿ. ಪರವಾಗಿಲ್ಲ. ಎದ್ದು ನಿಲ್ಲುವುದು ಕಷ್ಟ ಅನ್ನಿಸಿದರೆ ಏಳಬೇಡಿ. ಕೂತಲ್ಲೇ ಶೂ ಹಾಕಿಕೊಳ್ಳಿ. ಲೇಸ್ ಕಟ್ಟಿ. ಎರಡೂ ಪಾದ ನೆಲಕ್ಕೆ ಊರಿ. ಕಟ್ಟಿದ ಶೂ ಜೊತೆ ಸೋಫಾದಲ್ಲಿ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ, ಮಾಡಿ ನೋಡಿ.

ಹೆಜ್ಜೆ 5: ಹತ್ತು ನಿಮಿಷಕ್ಕೆ ಮಾತ್ರ ಒಪ್ಪಿಕೊಳ್ಳಿ

ಮೊದಲ ಹತ್ತು ನಿಮಿಷ ಚೆನ್ನಾಗಿರುವುದಿಲ್ಲ. ಮೈ ಜಡ, ಉಸಿರು ಹೊಂದಿಕೊಳ್ಳುವುದಿಲ್ಲ. ಆ ಹೊತ್ತನ್ನು ನೋಡಿ ಇಡೀ ವ್ಯಾಯಾಮ ಹೀಗೇ ಎಂದುಕೊಳ್ಳುತ್ತೇವೆ. 2011ರಲ್ಲಿ ಕೆನಡಾದ ಸಂಶೋಧಕರು ತೋರಿಸಿದ್ದೂ ಇದನ್ನೇ. ಶುರುವಿನ ಬೇಸರದ ಮೇಲೇ ಕಣ್ಣು ನೆಡುವುದರಿಂದ, ವ್ಯಾಯಾಮ ನಿಜಕ್ಕೂ ಕೊಡುವ ಖುಷಿಯನ್ನು ಜನ ಮೊದಲೇ ಕಡಿಮೆ ಎಂದು ಅಂದಾಜು ಮಾಡುತ್ತಾರೆ. ಹಾಗಾಗಿ ಹತ್ತು ನಿಮಿಷ ನಿಧಾನಕ್ಕೆ ನಡೆಯಿರಿ. ಆಮೇಲೂ ಬೇಡ ಅನ್ನಿಸಿದರೆ ಮನೆಗೆ ಹೋಗಿ. ಈ ಮಾತು ನಿಜವಾಗಿರಬೇಕು. ಹತ್ತು ಎಂದು ಹೇಳಿ ನಿಮ್ಮನ್ನೇ ಮೋಸಮಾಡಿ ನಲವತ್ತಕ್ಕೆ ಎಳೆದರೆ, ನಾಳೆ ನಿಮ್ಮ ಮಾತನ್ನು ನೀವೇ ನಂಬುವುದಿಲ್ಲ.

ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳ ಬಗ್ಗೆ ಹಲವರು ಕೇಳುತ್ತಾರೆ. ಸಂಜೆ ಬೇಡ. ಅವುಗಳಲ್ಲಿ ಹೆಚ್ಚಿನವು ಕೆಫೀನ್ ಬಲದ ಮೇಲೆ ನಿಂತಿವೆ. ಮೈಯೊಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಆರೂವರೆಗೆ ಕುಡಿದರೆ ರಾತ್ರಿ ಹನ್ನೊಂದೂವರೆಗೂ ಅರ್ಧ ಉಳಿದಿರುತ್ತದೆ. ನಿದ್ದೆ ಕೆಡುತ್ತದೆ, ಮರುದಿನದ ಸುಸ್ತು ಇನ್ನೂ ಜಾಸ್ತಿ. ಹೊಟ್ಟೆಗೆ ಕಟ್ಟುವ ಬೆವರಿನ ಬೆಲ್ಟ್ ಕೂಡ ಕೊಳ್ಳಬೇಡಿ. ಹೋಗುವುದು ನೀರು, ಕೊಬ್ಬಲ್ಲ. ನೀರು ಕುಡಿದರೆ ತೂಕ ವಾಪಸು ಬರುತ್ತದೆ.

ಹೆಜ್ಜೆ 6: ಎಷ್ಟು ಮಾಡಬೇಕು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ಓಟದಂಥ ತೀವ್ರ ಶ್ರಮದ್ದಾದರೆ 75ರಿಂದ 150 ನಿಮಿಷ ಸಾಕು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಯಮವನ್ನು ಆಗಲೇ ಕೈಬಿಟ್ಟರು. ದಣಿದವರಿಗೆ ಇದು ದೊಡ್ಡ ಸಮಾಧಾನದ ಸುದ್ದಿ. ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ.

ಶ್ರಮ ಮಧ್ಯಮವಾಗಿದೆಯೇ ಎಂದು ತಿಳಿಯಲು ಗಡಿಯಾರ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ತೀವ್ರ ಶ್ರಮದ ವ್ಯಾಯಾಮವನ್ನು ಮಲಗುವ ಒಂದು ಗಂಟೆಗಿಂತ ಮೊದಲೇ ಮುಗಿಸಿ. ನಡಿಗೆ, ಸ್ಟ್ರೆಚಿಂಗಿಗೆ ಈ ಚಿಂತೆ ಇಲ್ಲ.

ಆರಂಭಶೂರತ್ವ ಮಾತ್ರ ಬೇಡ. ಮೊದಲ ದಿನವೇ ಒಂದು ಗಂಟೆ ಮಾಡಿದವರು ಮೂರನೆಯ ದಿನ ಮೆಟ್ಟಿಲಿಳಿಯಲಾಗದೆ ಒದ್ದಾಡುವುದನ್ನು ನೋಡಿದ್ದೇನೆ. ಮೊದಲ ಎರಡು ವಾರ "ಇನ್ನೂ ಸ್ವಲ್ಪ ಮಾಡಬಹುದಿತ್ತು" ಅನ್ನಿಸುವಾಗಲೇ ನಿಲ್ಲಿಸಿ.

ಹೆಜ್ಜೆ 7: ತಪ್ಪಿದ ದಿನ, ಮತ್ತು ತಪ್ಪಿದ ವಾರ

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ. ಅದನ್ನು ನಂಬಿದವರು 22ನೇ ದಿನ ಸೋಮಾರಿತನ ಬಂದಾಗ ತಮ್ಮಲ್ಲೇ ಏನೋ ಕೊರತೆ ಇದೆ ಎಂದುಕೊಳ್ಳುತ್ತಾರೆ. ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದಾಗ, ಒಂದು ಕೆಲಸ ತಾನಾಗಿ ನಡೆಯುವ ಅಭ್ಯಾಸವಾಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು. ಮಧ್ಯೆ ಒಂದು ದಿನ ತಪ್ಪಿದರೆ ಹೆಚ್ಚು ಕಡಿಮೆಯೇನೂ ಆಗಲಿಲ್ಲ ಎಂದೂ ಕಂಡರು. ಹಾಗಾಗಿ ತಪ್ಪಿದ ದಿನವನ್ನು ಮರುದಿನ ದುಪ್ಪಟ್ಟು ಮಾಡಿ ತೀರಿಸಬೇಡಿ. ಮರುದಿನ ಎಂದಿನಷ್ಟೇ ಮಾಡಿ.

ಇಷ್ಟದ ಕಥೆಯನ್ನೋ ಹಾಡನ್ನೋ ವ್ಯಾಯಾಮದ ಹೊತ್ತಿನಲ್ಲಿ ಮಾತ್ರ ಕೇಳುವುದು ಒಳ್ಳೆಯ ಉಪಾಯ. ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಡಿಯೊ ಪುಸ್ತಕವನ್ನು ಜಿಮ್ಮಿನಲ್ಲಿ ಮಾತ್ರ ಕೇಳಲು ಸಿಕ್ಕವರು ಶುರುವಿನಲ್ಲಿ ಇಂಥ ಏರ್ಪಾಡೇನೂ ಇಲ್ಲದವರಿಗಿಂತ 51% ಜಾಸ್ತಿ ಬಾರಿ ಜಿಮ್ಮಿಗೆ ಹೋದರು. ಆದರೆ ಮಧ್ಯೆ ಬಂದ ರಜೆಯ ನಂತರ ಆ ಉತ್ಸಾಹ ಇಳಿಯಿತು. ನಮ್ಮ ತಂಡದಲ್ಲೂ ಹಾಗೇ. ಊರಿಗೆ ಹೋಗಿ ಬಂದವರು, ಹುಷಾರಿಲ್ಲದೆ ಮಲಗಿ ಎದ್ದವರು, ಕೆಲಸದ ಒತ್ತಡದ ವಾರ ಕಳೆದವರು ಮತ್ತೆ ಬರಲು ಹಿಂಜರಿಯುತ್ತಾರೆ. ಬಿಟ್ಟಲ್ಲಿಂದಲೇ ಶುರು ಮಾಡಬೇಕು ಎಂದುಕೊಂಡಿರುತ್ತಾರೆ, ಅದು ಆಗುವುದಿಲ್ಲ ಎಂಬುದೂ ಗೊತ್ತಿರುತ್ತದೆ.

ಬಿಟ್ಟಲ್ಲಿಂದ ಶುರು ಮಾಡಬೇಡಿ. ವಾಪಸು ಬಂದ ಮೊದಲ ವಾರ ಎಲ್ಲವನ್ನೂ ಅರ್ಧ ಮಾಡಿ: ಹೊತ್ತು ಅರ್ಧ, ಭಾರ ಅರ್ಧ. ದಿನಗಳು ಮಾತ್ರ ಮೊದಲಿನಷ್ಟೇ ಇರಲಿ. ಮೊದಲ ಸಂಜೆ ನಡೆದು ಬಂದ ಮೇಲೆ ಶೂ ಬಿಚ್ಚಿ, ಒರೆಸಿ, ಲೇಸ್ ಸಡಿಲಿಸಿ, ಮತ್ತೆ ಬಾಗಿಲ ಪಕ್ಕದಲ್ಲೇ ಇಡಿ.