ವೈ ಆಕ್ಸಿಸ್ ಜಾರುತ್ತಿತ್ತು, ಡ್ರೈವರ್ ಮೋಡ್ ಬದಲಿಸಿದೆ

ತ್ರೀಡಿ ಪ್ರಿಂಟರ್‌ನ ವೇಗ ಹೆಚ್ಚಿಸಿದಾಗೆಲ್ಲ ಪದರಗಳು ವೈ ಕಡೆಗೆ (ಬೆಡ್, ಅಂದರೆ ಪ್ರಿಂಟ್ ಕೂರುವ ತಟ್ಟೆ, ಹಿಂದೆ ಮುಂದೆ ಓಡುವ ದಿಕ್ಕು) ಜಾರುತ್ತಿದ್ದವು. ಬೆಲ್ಟ್ ಬಿಗಿಯಾಗಿತ್ತು, ಪುಲ್ಲಿಯ ಸ್ಕ್ರೂ ಕೂಡ ಗಟ್ಟಿ. ಸುಳಿವು ಸಿಕ್ಕಿದ್ದು ಜಾರಿದ ಅಳತೆಯಲ್ಲಿ: ಸರಿಯಾಗಿ 0.8 ಮಿ.ಮೀ. ಸ್ಟೆಪ್ಪರ್ ಮೋಟರ್, ಅಂದರೆ ಸಣ್ಣ ಸಣ್ಣ ಹೆಜ್ಜೆಯಲ್ಲಿ (ಸ್ಟೆಪ್) ತಿರುಗುವ ಮೋಟರ್, ಹಿಡಿತ ತಪ್ಪಿದರೆ ನಾಲ್ಕು ಪೂರ್ತಿ ಸ್ಟೆಪ್‌ಗಳ ಲೆಕ್ಕದಲ್ಲೇ ಜಿಗಿಯುತ್ತದೆ. 20 ಹಲ್ಲಿನ ಪುಲ್ಲಿ, ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ. ಇರುವ ಬೆಲ್ಟ್, ಮೋಟರಿನ ಒಂದು ಸುತ್ತಿಗೆ 200 ಸ್ಟೆಪ್. ಒಂದು ಸ್ಟೆಪ್‌ಗೆ 0.2 ಮಿ.ಮೀ., ನಾಲ್ಕಕ್ಕೆ 0.8 ಆಯ್ತಲ್ವಾ?

ಮೋಟರಿಗೆ ಕರೆಂಟ್ ಕೊಡುವ ಚಿಪ್, ಅಂದರೆ ಡ್ರೈವರ್, ಟಿಎಂಸಿ 2209. ಇದರ ಸ್ಟೆಲ್ತ್‌ಚಾಪ್ ಮೋಡ್ ಮೋಟರಿನ ಕಾಯಿಲ್‌ನ (ತಂತಿ ಸುರುಳಿ) ವೋಲ್ಟೇಜನ್ನು ನಿಯಂತ್ರಿಸುತ್ತದೆ. ಸದ್ದೇ ಇಲ್ಲ, ನನಗೆ ತುಂಬ ಇಷ್ಟ. ಆದರೆ ವೇಗ ದಿಢೀರನೆ ಬದಲಾದರೆ ಕರೆಂಟ್ ತಕ್ಷಣ ಹೊಂದಿಕೊಳ್ಳುವುದಿಲ್ಲ, ಬಲ ಸಾಲುವುದಿಲ್ಲ. ಸ್ಪ್ರೆಡ್‌ಸೈಕಲ್ ಮೋಡ್ ಕರೆಂಟನ್ನೇ ಕ್ಷಣಕ್ಷಣಕ್ಕೂ ನೋಡಿ ಸರಿಮಾಡುತ್ತದೆ. ಸದ್ದು ಸ್ವಲ್ಪ ಜಾಸ್ತಿ, ಹಿಡಿತ ಗಟ್ಟಿ.

ಪ್ರಿಂಟರ್ ನಡೆಸುವ ಫರ್ಮ್‌ವೇರ್ ಮಾರ್ಲಿನ್‌ಗೆ ‘ಎಂ569 ಎಸ್0 ವೈ’ ಕಳಿಸಿ ವೈಯನ್ನು ಸ್ಪ್ರೆಡ್‌ಸೈಕಲ್‌ಗೆ ಬದಲಿಸಿದೆ, ‘ಎಂ500’ ಕೊಟ್ಟು ಉಳಿಸಿದೆ. ಡ್ರೈವರ್ ಯುಎಆರ್‌ಟಿ (ಚಿಪ್ ಜೊತೆ ಮಾತಾಡುವ ಸೀರಿಯಲ್ ಸಂಪರ್ಕ) ಮೂಲಕ ಬೋರ್ಡಿಗೆ ಸೇರಿದ್ದರೆ ಮಾತ್ರ ಇದು ನಡೆಯುತ್ತದೆ. ಈಗ ವೈ ಮೋಟರ್ ಸಣ್ಣಗೆ ಗುಂಯ್‌ಗುಡುತ್ತದೆ, ಜಾರುವುದು ನಿಂತಿದೆ. ಭಾರದ ಬೆಡ್ ಎಳೆಯುವುದು ವೈ ಒಂದೇ. ಹಾಗಾಗಿ ಎಕ್ಸ್, ಝಡ್ ಎರಡನ್ನೂ ಸ್ಟೆಲ್ತ್‌ಚಾಪ್‌ನಲ್ಲೇ ಬಿಟ್ಟಿದ್ದೇನೆ.